ಹೊಸ ಟೈರ್ ಹಾಕಿಸುವ ಮೊದಲು ಹಳೆಯದರ ಮೇಲೆ ಕೈಯಾಡಿಸಿ

ಕಳೆದ ಜುಲೈನ ಒಂದು ಸೋಮವಾರ. ಬೆಳಗಿನ 6 ಗಂಟೆಯ ಹೊತ್ತಿಗೆ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಅಮ್ಮಿನಳ್ಳಿ ಹತ್ತಿರದ ನಮ್ಮ ಮನೆಯಿಂದ ಕಾರವಾರದ ಶಾಲೆಗೆ ಹೋಗುವ ದಾರಿ ಅದು. ಶನಿವಾರ ಊರಿಗೆ ಬರುವುದು, ಆಯಿಯ ಕೈ ಅಡುಗೆ ಉಣ್ಣುವುದು, ಸೋಮವಾರ ನಸುಕಿಗೆ ಹೊರಡುವುದು ನನ್ನ ರೂಢಿ. ಮಳೆ ಹಿಡಿದು ಮೂರು ದಿನವಾಗಿತ್ತು. ಒಂದು ತಿರುವಿನಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಕಾರು ತಿರುಗಲಿಲ್ಲ. ಒಂದೆರಡು ಮಾರು ನೇರಕ್ಕೇ ಜಾರಿತು. ಆಮೇಲೆ ಹಿಡಿತ ಸಿಕ್ಕಿತು. ಎದುರಿನಿಂದ ಲಾರಿ ಬರುತ್ತಿರಲಿಲ್ಲ, ಅಷ್ಟೇ. ವೇಗ 25 ಕೂಡ ದಾಟಿರಲಿಲ್ಲ.

ಆ ಟೈರ್ ಹಾಕಿಸಿ ಒಂಬತ್ತೇ ತಿಂಗಳಾಗಿತ್ತು. ಓಡಿದ್ದು 11,000 ಕಿಲೋಮೀಟರ್. ಕತಗಾಲದಲ್ಲಿ ನಿಲ್ಲಿಸಿ ನೋಡಿದರೆ ಹೊರಗಿನಿಂದ ಟೈರ್ ಹೊಸದರ ಹಾಗೇ ಕಾಣುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಬಗ್ಗಿ ಕುಳಿತು, ಮುಂದಿನ ಟೈರಿನ ಒಳಬದಿ ನೋಡಿದೆ. ಒಳಗಿನ ಎರಡು ಪಟ್ಟಿ ಬೋಳಾಗಿತ್ತು. ಕೈಯಿಟ್ಟರೆ ನುಣ್ಣಗೆ ಜಾರುತ್ತಿತ್ತು. ಇನ್ನೊಂದು ಕಡೆಯದೂ ಹಾಗೇ.

ಟೈರ್ ಹಾಕಿಸಿದ ದಿನ ಅಂಗಡಿಯವರು 'ಅಲೈನ್‌ಮೆಂಟ್ ಫ್ರೀ, ಮಾಡಿಯೇ ಬಿಟ್ಟಿದ್ದೇವೆ' ಎಂದಿದ್ದರು. ಬಿಲ್ಲಿನಲ್ಲೂ ಹಾಗೇ ಬರೆದಿತ್ತು. ನಾನು ನಂಬಿದೆ. ಆಮೇಲೆ ಕುಮಟೆಯಲ್ಲಿ ಬೇರೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಟಾರ್ಚ್ ಹಿಡಿದು ಕೆಳಗಿನ ಟೈ ರಾಡ್ ತೋರಿಸಿದರು. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆ ಅದು. 'ಅಕ್ಕೋರೆ, ಈ ಲಾಕ್ ನಟ್ಟಿಗೆ ಪಾನಾ ಮುಟ್ಟಿದ ಗುರುತೇ ಇಲ್ಲ ನೋಡಿ' ಎಂದರು. ನಟ್ ಮೇಲೆ ಹಳೆಯ ತುಕ್ಕು ಹಾಗೇ ಕೂತಿತ್ತು. ಆ ನಟ್ ಸಡಿಲಿಸದೆ ಮುಂದಿನ ಚಕ್ರದ ಅಲೈನ್‌ಮೆಂಟ್ ಬದಲಾಯಿಸುವುದು ಸಾಧ್ಯವೇ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಆದರೆ ಅವತ್ತಿನಿಂದ ಈ ವಿಷಯವನ್ನು ಬಿಡದೆ ಕಲಿತೆ. ಘಟ್ಟ ಹತ್ತಿ ಇಳಿಯುವ ನಮ್ಮ ಜಿಲ್ಲೆಯವರಿಗೆ ಇದು ಗೊತ್ತಿರಲೇಬೇಕು ಎಂದು ನನಗೆ ಅನಿಸುತ್ತದೆ.

ಹಳೆಯ ಟೈರ್ ಓದುವುದು

ಟೈರ್ ಬದಲಾಯಿಸಿದ ಮಾತ್ರಕ್ಕೆ ಅಲೈನ್‌ಮೆಂಟ್ ಹಾಳಾಗುವುದಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರ ನಿಂತಿರುವ ಕೋನ. ಅದು ಕಾರಿನ ಕೆಳಗಿನ ಭಾಗಗಳಿಗೆ ಸೇರಿದ್ದು, ರಬ್ಬರಿಗಲ್ಲ. ಹಾಗಾದರೆ ಹೊಸ ಟೈರ್ ಹಾಕಿದಾಗ ಯಾಕೆ ನೋಡಿಸಬೇಕು? ಹಳೆಯ ಟೈರನ್ನು ತಿಂದ ಕೋನ ಹಾಗೇ ಇದ್ದರೆ ಹೊಸದನ್ನೂ ತಿನ್ನುತ್ತದೆ. ಅದಕ್ಕೇ ಹಳೆಯ ಟೈರ್ ಅಂಗಡಿಯ ಮೂಲೆಗೆ ಹೋಗುವ ಮೊದಲು ಅದನ್ನು ಚೆನ್ನಾಗಿ ನೋಡಬೇಕು. ಯಾವ ಟೈರ್ ಯಾವ ಕಡೆಯದು ಎಂದು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ: ಮುಂದೆ ಎಡ, ಮುಂದೆ ಬಲ, ಹೀಗೆ. ಬಿಚ್ಚಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಮೊದಲು ಕಣ್ಣಿನಿಂದ ನೋಡಿ. ತಂತಿ ಹೊರಗೆ ಬಂದಿದ್ದರೆ ಕೈ ಹಾಕಬೇಡಿ, ಚರ್ಮ ಸೀಳುತ್ತದೆ. ತಂತಿ ಕಾಣದಿದ್ದರೆ ಅಂಗೈಯನ್ನು ಟೈರಿನ ಮುಖದ ಮೇಲೆ ಅಡ್ಡಕ್ಕೆ ಎಳೆಯಿರಿ. ಹೊರಬದಿಯಿಂದ ಒಳಬದಿಗೆ ಒಮ್ಮೆ, ಒಳಬದಿಯಿಂದ ಹೊರಬದಿಗೆ ಒಮ್ಮೆ. ಒಂದು ದಿಕ್ಕಿನಲ್ಲಿ ನುಣ್ಣಗೆ ಹೋಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ತಡೆದರೆ ಅದು ಟೋ ತಪ್ಪಿದ ಗುರುತು.

ಟೋ ಎಂದರೆ ಇಷ್ಟೇ. ಕಾರನ್ನು ಮೇಲಿನಿಂದ ನೋಡಿದಂತೆ ಕಲ್ಪಿಸಿಕೊಳ್ಳಿ. ಮುಂದಿನ ಎರಡು ಚಕ್ರಗಳ ಮೂತಿ ಒಂದಕ್ಕೊಂದು ಹತ್ತಿರವಾಗಿದ್ದರೆ ಟೋ ಇನ್. ದೂರವಾಗಿದ್ದರೆ ಟೋ ಔಟ್. ನಾವು ನಿಂತಾಗ ಪಾದ ಒಳಗೆ ಮಾಡಿದಂತೆ, ಹೊರಗೆ ಮಾಡಿದಂತೆ. ಟೋ ಇನ್ ಜಾಸ್ತಿಯಾದರೆ ಹೊರ ಅಂಚು ಸವೆಯುತ್ತದೆ, ಕೈಯನ್ನು ಒಳಗಿನಿಂದ ಹೊರಗೆ ಎಳೆದಾಗ ತಡೆಯುತ್ತದೆ. ಟೋ ಔಟ್ ಜಾಸ್ತಿಯಾದರೆ ಒಳ ಅಂಚು ಸವೆಯುತ್ತದೆ, ಹೊರಗಿನಿಂದ ಒಳಗೆ ಎಳೆದಾಗ ತಡೆಯುತ್ತದೆ. ನನ್ನದು ಎರಡನೆಯದು.

ಟೈರ್ ತಿನ್ನುವುದರಲ್ಲಿ ಟೋ ಎಲ್ಲಕ್ಕಿಂತ ಮುಂದೆ. ಕುಮಟೆಯಲ್ಲಿ ಯಂತ್ರಕ್ಕೆ ಹಾಕಿದಾಗ ನನ್ನ ಕಾರಿನ ಎಡ ಚಕ್ರ 21 ಮಿನಿಟ್, ಬಲ ಚಕ್ರ 19 ಮಿನಿಟ್ ಹೊರಗೆ ತಿರುಗಿತ್ತು. ಒಂದು ಡಿಗ್ರಿಗೆ 60 ಮಿನಿಟ್. ಅಂದರೆ ಒಂದೊಂದು ಚಕ್ರವೂ ಸುಮಾರು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಹೊರಗೆ ತಿರುಗಿತ್ತು. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿದೆ. ಆ ಕೋನದಲ್ಲಿ ಚಕ್ರ ಒಂದು ಕಿಲೋಮೀಟರ್ ಓಡಿದರೆ ಸುಮಾರು 6 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. 11,000 ಕಿಲೋಮೀಟರಿಗೆ 60 ಕಿಲೋಮೀಟರಿಗೂ ಜಾಸ್ತಿ. ಕುಮಟೆಯಿಂದ ಶಿರಸಿಗೆ ಹತ್ತಿರ ಹತ್ತಿರ ಅಷ್ಟೇ ದೂರ ಅಲ್ವಾ? ಅಷ್ಟು ದಾರಿಯನ್ನು ಟೈರ್ ಅಡ್ಡಡ್ಡ ಎಳೆದುಕೊಂಡು ಹೋದಂತಾಯಿತು. ಈ ಲೆಕ್ಕವನ್ನು ಹತ್ತನೇ ತರಗತಿಯ ಮಕ್ಕಳಿಗೆ ತ್ರಿಕೋನಮಿತಿ ಪಾಠದಲ್ಲಿ ಮಾಡಿಸಿದೆ. ಅವತ್ತು ಒಬ್ಬರೂ ಆಕಳಿಸಲಿಲ್ಲ.

ಗರಗಸದ ಹಲ್ಲು ಇಲ್ಲದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಕಡೆ ನೋಡಬೇಕು. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ವಾಲಿದೆಯೋ ಹೊರಗೆ ವಾಲಿದೆಯೋ, ಅದು ಕ್ಯಾಂಬರ್. ಒಳಗೆ ವಾಲಿದ್ದರೆ ಒಳ ಅಂಚು, ಹೊರಗೆ ವಾಲಿದ್ದರೆ ಹೊರ ಅಂಚು ಸವೆಯುತ್ತದೆ. ಟೈರಿನ ಮಧ್ಯದ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬು, ಮಾತ್ರ ಹೋಗಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಹೋಗಿ ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿರಬಹುದು, ಇಲ್ಲವೇ ಬ್ಯಾಲೆನ್ಸ್ ತಪ್ಪಿರಬಹುದು.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸವೆತ ಇದೆ. ವಾರಕ್ಕೆ ಎರಡು ಸಲ ಘಟ್ಟ ಹತ್ತಿಳಿಯುವ ಕಾರಿನಲ್ಲಿ ಮುಂದಿನ ಎರಡೂ ಟೈರಿನ ಹೊರ ಭುಜ ಸ್ವಲ್ಪ ಜಾಸ್ತಿ ಸವೆಯುತ್ತದೆ. ಬಿಗಿ ತಿರುವಿನಲ್ಲಿ ಕಾರಿನ ಭಾರದ ಹೆಚ್ಚಿನ ಪಾಲು ಹೊರಗಿನ ಚಕ್ರದ ಭುಜದ ಮೇಲೆ ಬೀಳುತ್ತದೆ. ದೇವಿಮನೆ ಇರಲಿ, ಯಲ್ಲಾಪುರದ ಕಡೆಯ ಅರಬೈಲ್ ಇರಲಿ, ಇದು ತಪ್ಪಿದ್ದಲ್ಲ. ಅಲೈನ್‌ಮೆಂಟ್ ಸರಿ ಇದ್ದರೂ ಆಗುತ್ತದೆ. ಎರಡೂ ಕಡೆ ಸಮನಾಗಿ, ಭುಜ ದುಂಡಗಾಗಿ, ಒಳ ಅಂಚು ಗಟ್ಟಿಯಾಗಿದ್ದರೆ ಅದು ಘಟ್ಟದ ಸವೆತ. ಅದಕ್ಕೆ ಮದ್ದು ತಿರುವಿನಲ್ಲಿ ನಿಧಾನ, ಸರಿಯಾದ ಗಾಳಿ, ಸಮಯಕ್ಕೆ ಸರಿಯಾಗಿ ಟೈರ್ ಅದಲು ಬದಲು. ಒಂದೇ ಕಡೆ ಹಾಗಾಗಿದ್ದರೆ ಮಾತ್ರ ಅನುಮಾನ ಪಡಿ.

ಟೈರ್ ಯಾವಾಗ ಬದಲಾಯಿಸಬೇಕು? ಟೈರಿನ ಕಾಲುವೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಎತ್ತರ 1.6 ಮಿಲಿಮೀಟರ್. ಬಟನ್ ಸವೆದು ಆ ಉಬ್ಬಿಗೆ ಸಮ ಬಂದರೆ ಟೈರ್ ಮುಗಿಯಿತು. ನಾನು ಅಷ್ಟರ ತನಕ ಕಾಯುವುದಿಲ್ಲ. ಜೂನ್ ಬರುವ ಹೊತ್ತಿಗೆ 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬದಲಾಯಿಸುತ್ತೇನೆ. ನಮ್ಮ ಮಳೆಯಲ್ಲಿ ನೀರು ಹೊರಗೆ ತಳ್ಳಲು ಆ ಕಾಲುವೆ ಬೇಕೇ ಬೇಕು. ಅಳೆಯುವ ಸಣ್ಣ ಗೇಜ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಹೊರ ಅಂಚು, ಮಧ್ಯ, ಒಳ ಅಂಚು, ಮೂರೂ ಕಡೆ ಅಳೆಯಿರಿ. ನಾನು ಒಳ ಅಂಚು ಅಳೆಯದೇ ಇದ್ದದ್ದರಿಂದಲೇ ಇಷ್ಟೆಲ್ಲ ಆಗಿದ್ದು.

ಅಂಗಡಿಯಲ್ಲಿ

ಅಳತೆ ಕಾರಿನ ಬಾಗಿಲ ಬದಿಯ ಚೀಟಿಯಲ್ಲಿ ಇರುತ್ತದೆ. ನನ್ನದು ಸ್ವಿಫ್ಟ್, 165/80 ಆರ್ 14. ಅದನ್ನೇ ಹಾಕಿಸಿದೆ. ಅಗಲದ ಟೈರ್ ಹಾಕಿ ಎಂದು ಹೇಳುವವರು ಇದ್ದಾರೆ, ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿ ಗುರುತು ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ನಾಲ್ಕೂ ಟೈರಿನದು ನೋಡಿ. ಕೆಲವು ಟೈರಿನಲ್ಲಿ ತಿರುಗುವ ದಿಕ್ಕಿನ ಬಾಣ ಇರುತ್ತದೆ, ಕೆಲವದರಲ್ಲಿ ಹೊರಬದಿ ಯಾವುದು ಎಂದು ಬರೆದಿರುತ್ತದೆ. ಹಾಗೆಯೇ ಹಾಕಿದ್ದಾರಾ ಎಂದು ನಿಂತು ನೋಡಿ.

ಟ್ಯೂಬ್‌ಲೆಸ್ ಟೈರ್ ಆದರೆ ರಬ್ಬರ್ ವಾಲ್ವ್ ಕೂಡ ಹೊಸದು ಹಾಕಿಸಿ. ತೀರಾ ಸಣ್ಣ ಖರ್ಚು. ಕಾರವಾರ, ಅಂಕೋಲೆ, ಕುಮಟೆ ಕಡೆಯವರು ಇನ್ನೊಂದು ಕೆಲಸ ಹೇಳಲೇಬೇಕು. ಉಪ್ಪುಗಾಳಿಗೆ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದಿರುತ್ತದೆ. ಟೈರ್ ಕೂರುವ ಆ ಅಂಚನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಶುದ್ಧ ಮಾಡದೆ ಹೊಸ ಟೈರ್ ಕೂರಿಸಿದರೆ ಗಾಳಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ. ಚಕ್ರ ಕೂರುವ ಹಬ್‌ನ ಮುಖದ ಮೇಲಿನ ತುಕ್ಕಿನ ಪದರವನ್ನೂ ಉಜ್ಜಿಸಿ. ಇಲ್ಲವಾದರೆ ಚಕ್ರ ಸರಿಯಾಗಿ ಕೂರುವುದಿಲ್ಲ, ನಟ್ ಆಮೇಲೆ ಸಡಿಲಾಗುತ್ತದೆ.

ಎರಡೇ ಟೈರ್ ಕೊಳ್ಳುವಷ್ಟು ದುಡ್ಡು ಇದ್ದರೆ ಹೊಸದನ್ನು ಎಲ್ಲಿ ಹಾಕುವುದು? ಹೆಚ್ಚಿನವರು ಮುಂದೆ ಎನ್ನುತ್ತಾರೆ. ಎಂಜಿನ್ ಮುಂದಿದೆ, ಸ್ಟೇರಿಂಗ್ ಮುಂದಿದೆ ಎಂಬ ಕಾರಣ ಕೊಡುತ್ತಾರೆ. ನಾನು ಹಿಂದೆ ಹಾಕಿಸುತ್ತೇನೆ. ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ನನಗೆ ಅವತ್ತು ಆದದ್ದು ಅದೇ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ನಮ್ಮಂಥವರಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಘಟ್ಟದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಹಾಗೆಂದು ಬೋಳಾದದ್ದನ್ನು ಮುಂದೆ ಉಳಿಸಿಕೊಳ್ಳಬೇಡಿ. ಮುಂದಿನದೂ 3 ಮಿಲಿಮೀಟರ್ ದಾಟಿರಬೇಕು.

ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಬೇರೆ ಬೇರೆ. ಟೈರ್ ಮತ್ತು ರಿಮ್ಮಿನ ತೂಕ ಸುತ್ತಲೂ ಸಮನಾಗಿ ಇರುವಂತೆ ಸಣ್ಣ ಸೀಸದ ಅಥವಾ ಸತುವಿನ ತುಂಡು ಅಂಟಿಸುವುದು ಬ್ಯಾಲೆನ್ಸಿಂಗ್. ಹೊಸ ಟೈರ್ ಹಾಕಿದಾಗ ಅದು ಆಗಲೇಬೇಕು. ಹೆದ್ದಾರಿಯಲ್ಲಿ 80 ದಾಟಿದಾಗ ಸ್ಟೇರಿಂಗ್ ನಡುಗಿದರೆ ಮೊದಲು ಬ್ಯಾಲೆನ್ಸ್ ನೋಡಿಸಿ. ಕಾರು ಒಂದು ಕಡೆ ಎಳೆದರೆ ಅಲೈನ್‌ಮೆಂಟ್ ನೋಡಿಸಿ.

ಯಂತ್ರಕ್ಕೆ ಏರಿಸುವ ಮೊದಲು

ಕಾರಿನ ಕೆಳಗಿನ ಭಾಗ ಸಡಿಲವಿದ್ದರೆ ಅಲೈನ್‌ಮೆಂಟ್ ಮಾಡಿದ್ದೆಲ್ಲ ಸುಮ್ನೆ. ನನ್ನ ಕಾರಿನಲ್ಲಿ ಎಡಗಡೆಯ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್, ಅಂದರೆ ಕೀಲಿನ ರಬ್ಬರ್, ಹರಿದಿತ್ತು. ಕುಮಟೆಯವರು ಅದನ್ನು ಬದಲಾಯಿಸದೆ ಯಂತ್ರಕ್ಕೆ ಹಾಕಲು ಒಪ್ಪಲೇ ಇಲ್ಲ. 'ಇವತ್ತು ಗೆರೆಗೆ ತಂದು ಕೊಡ್ತೆ, ನಾಳೆ ಒಂದು ಹೊಂಡಕ್ಕೆ ಬಿದ್ರೆ ಮತ್ತೆ ಹಾಗೇ' ಎಂದರು. ಅವರ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಮುಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿ. ಕಾರಿನ ಕೆಳಗೆ ಮಾತ್ರ ಹೋಗಬೇಡಿ, ಕಾಲನ್ನೂ ಚಾಚಬೇಡಿ. ಗಡಿಯಾರದ ಮುಳ್ಳು 9 ಮತ್ತು 3 ಇರುವ ಜಾಗದಲ್ಲಿ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಟೈ ರಾಡ್ ಎಂಡ್ ಸವೆದಿರಬಹುದು. ಆಮೇಲೆ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲೂ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಬುಷ್ ಹರಿದದ್ದು ಹೀಗೆ ಗೊತ್ತಾಗುವುದಿಲ್ಲ. ಅದನ್ನು ಮೆಕ್ಯಾನಿಕ್ ಕಂಬಿ ಹಾಕಿ ಮೀಟಿ ನೋಡಬೇಕು.

ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ. ಊರಿಂದ ಬರುವಾಗ ನಮ್ಮ ಡಿಕ್ಕಿಯಲ್ಲಿ ಬಾಳೆಗೊನೆ, ತೆಂಗಿನಕಾಯಿ ಚೀಲ, ಕೆಲವೊಮ್ಮೆ ಅಡಿಕೆ ಮೂಟೆ ಇರುತ್ತದೆ. ಆ ಭಾರಕ್ಕೆ ಕಾರಿನ ಹಿಂಭಾಗ ಕೂತು ಕೋನಗಳು ಬದಲಾಗುತ್ತವೆ. ಸ್ಟೆಪ್ನಿ ಅದರ ಜಾಗದಲ್ಲೇ ಇರಲಿ. ನಾಲ್ಕೂ ಟೈರಿಗೆ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿ, ಆಮೇಲೆ ಯಂತ್ರಕ್ಕೆ ಏರಿಸಲು ಹೇಳಿ. ಒಂದು ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಕಾರು ಆ ಕಡೆ ವಾಲುತ್ತದೆ, ಯಂತ್ರ ತಪ್ಪು ಓದುತ್ತದೆ.

ಕರಾವಳಿಯ ಕಾರಿನಲ್ಲಿ ಟೈ ರಾಡ್‌ನ ಲಾಕ್ ನಟ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ನಟ್ ತಿರುಗದಿದ್ದರೆ ಕೆಲಸದವರಿಗೆ ಬೇಜಾರು, 'ಸರಿ ಇದೆ ಬಿಡಿ' ಎಂದುಬಿಡುವ ಆಸೆ. ನಾನು ಈಗ ಹಿಂದಿನ ದಿನವೇ ಪರಿಚಯದ ಗ್ಯಾರೇಜಿನಲ್ಲಿ ಆ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಸಿಕೊಂಡು ಹೋಗುತ್ತೇನೆ. ರಾತ್ರಿಯಿಡೀ ಎಣ್ಣೆ ಇಳಿದರೆ ಬೆಳಿಗ್ಗೆ ಪಾನಾಕ್ಕೆ ಬಗ್ಗುತ್ತದೆ.

ಯಂತ್ರದ ಮೇಲೆ

ಈಗಿನ 3ಡಿ ಯಂತ್ರದಲ್ಲಿ ನಾಲ್ಕೂ ಚಕ್ರಕ್ಕೆ ಫಲಕ ಸಿಕ್ಕಿಸುತ್ತಾರೆ. ಎದುರಿನ ಕ್ಯಾಮೆರಾ ಅದನ್ನು ನೋಡುತ್ತದೆ. ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸುತ್ತಾರೆ. ರಿಮ್ ಸೊಟ್ಟಗಿದ್ದರೆ ಆ ವ್ಯತ್ಯಾಸ ಕಳೆಯಲು ಅದು ಬೇಕು. ಮುಂದಿನ ಚಕ್ರ ತಿರುಗುವ ತಟ್ಟೆಯ ಮೇಲೆ ನಿಂತಿರುತ್ತದೆ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿ ಕ್ಯಾಸ್ಟರ್ ಎಂಬ ಕೋನ ಅಳೆಯುತ್ತಾರೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದರೆ ಎಷ್ಟು ವಾಲಿದೆ ಎಂಬುದು ಅದು. ಕ್ಯಾಸ್ಟರ್ ಟೈರನ್ನು ಅಷ್ಟಾಗಿ ತಿನ್ನುವುದಿಲ್ಲ, ಎರಡು ಕಡೆ ಬೇರೆ ಬೇರೆ ಇದ್ದರೆ ಕಾರು ಎಳೆಯುತ್ತದೆ. ಆಮೇಲೆ ಸ್ಟೇರಿಂಗನ್ನು ನೇರ ಇಟ್ಟು ಕಬ್ಬಿಣದ ಸಲಾಕೆಯಿಂದ ಕಟ್ಟುತ್ತಾರೆ. ಆ ಕಟ್ಟುವ ಕೆಲಸ ಬಿಟ್ಟರೆ ಅಲೈನ್‌ಮೆಂಟ್ ಸರಿಯಾದರೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ.

ಈ ಹೊತ್ತಿನಲ್ಲಿ ಚಹಾ ಕುಡಿಯಲು ಹೋಗಬೇಡಿ. ಪರದೆಯ ಎದುರು ನಿಂತುಕೊಳ್ಳಿ. ಹಸಿರು ಅಂಕಿ ಸರಿ, ಕೆಂಪು ಅಂಕಿ ತಪ್ಪು. ಮಾದರಿ ಯಾವುದು ಆರಿಸಿದ್ದಾರೆ ಎಂದು ಮೊದಲು ಓದಿ. ನಿಮ್ಮ ಕಾರಿನ ಬದಲು ಬೇರೆ ಕಾರು ಅಥವಾ ಬೇರೆ ವರ್ಷದ ಮಾದರಿ ಇದ್ದರೆ ಹಸಿರು ಬಣ್ಣಕ್ಕೆ ಅರ್ಥವಿಲ್ಲ. ಕೆಲಸ ಶುರುವಾಗುವ ಮೊದಲಿನ ಅಂಕಿಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮುಗಿದ ಮೇಲೆ ಮೊದಲು ಮತ್ತು ನಂತರ ಎರಡೂ ಇರುವ ಪ್ರಿಂಟ್ ಕೇಳಿ. ಪ್ರಿಂಟರ್ ಹಾಳಾಗಿದೆ ಎಂದರೆ ಪರದೆಯ ಫೋಟೋ ಸಾಕು. ಫೋಟೋ ತೆಗೆಯಲು ಬಿಡದ ಅಂಗಡಿಗೆ ನಾನು ಎರಡನೇ ಸಲ ಹೋಗುವುದಿಲ್ಲ.

ಸಾಮಾನ್ಯ ಸಣ್ಣ ಕಾರಿನಲ್ಲಿ ಸರಿ ಮಾಡಲು ಬರುವುದು ಮುಂದಿನ ಟೋ ಒಂದೇ. ಲಾಕ್ ನಟ್ ಸಡಿಲಿಸಿ, ಟೈ ರಾಡ್ ತಿರುಗಿಸಿ, ಅಂಕಿ ಹಸಿರಿಗೆ ಬಂದ ಮೇಲೆ ನಟ್ ಬಿಗಿ ಮಾಡುತ್ತಾರೆ. ಬಿಗಿ ಮಾಡುವಾಗ ಅಂಕಿ ಸ್ವಲ್ಪ ಜರುಗುತ್ತದೆ, ಹಾಗಾಗಿ ಕೊನೆಯ ಅಂಕಿಯನ್ನು ಬಿಗಿ ಮಾಡಿದ ಮೇಲೆಯೇ ನೋಡಬೇಕು. ಟೈ ರಾಡ್ ಒಳತುದಿಯ ರಬ್ಬರ್ ಬೂಟ್ ತಿರುಚಿಕೊಂಡಿದೆಯಾ ಎಂದೂ ನೋಡಲು ಹೇಳಿ. ಅದು ಹರಿದರೆ ಮಳೆನೀರು ಸ್ಟೇರಿಂಗ್ ರ್‍ಯಾಕ್ ಒಳಗೆ ಹೋಗುತ್ತದೆ. ಆ ಖರ್ಚು ಟೈರಿಗಿಂತ ದೊಡ್ಡದು.

ಹಿಂದಿನ ಚಕ್ರಗಳು ಇಂಥ ಕಾರುಗಳಲ್ಲಿ ಒಂದೇ ಬೀಮಿಗೆ ಕೂತಿರುತ್ತವೆ. ಅಲ್ಲಿ ತಿರುಗಿಸುವ ನಟ್ ಇಲ್ಲ. ಹಿಂದಿನ ಅಂಕಿ ತೀರಾ ಕೆಂಪಾಗಿದ್ದರೆ ಬೀಮ್ ಬಾಗಿದೆಯಾ, ಅದರ ಬುಷ್ ಹೋಗಿದೆಯಾ ಎಂದು ಹುಡುಕಬೇಕು. ಮುಂದಿನ ಕ್ಯಾಂಬರ್ ಕೂಡ ಹಾಗೇ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯಾವುದೋ ಭಾಗ ಬಾಗಿದೆ ಎಂದೇ ತಿಳಿಯಿರಿ. ಕೆಲವು ಕಡೆ ಹೈಡ್ರಾಲಿಕ್ ಸಲಕರಣೆ ಸಿಕ್ಕಿಸಿ ಒತ್ತಿ ಬಗ್ಗಿಸಿ ಕ್ಯಾಂಬರ್ ಸರಿ ಮಾಡಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಬಾಗಿದ್ದು ಒಂದು, ಬಗ್ಗಿಸುವುದು ಇನ್ನೊಂದು ಆದರೆ ಎರಡೂ ಹಾಳು. ಯಾವ ಭಾಗ ಬಾಗಿದೆ ಎಂದು ಕೇಳಿ, ಅದನ್ನೇ ಬದಲಾಯಿಸಿ.

ಕಾರಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರಿದಾಗ ತಾನಾಗಿ ಹಿಡಿತಕ್ಕೆ ತರುವ ವ್ಯವಸ್ಥೆ) ಇದ್ದು, ಅಲೈನ್‌ಮೆಂಟ್ ಆದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿದರೆ ಸ್ಟೇರಿಂಗ್ ಸೆನ್ಸರ್ ರೀಸೆಟ್ ಮಾಡಿಸಬೇಕು.

ಓಡಿಸಿ ನೋಡುವುದು

ದುಡ್ಡು ಕೊಡುವ ಮೊದಲು ಒಂದು ಸುತ್ತು ಓಡಿಸಿ. ನೇರ, ಸಪಾಟು ರಸ್ತೆ ಬೇಕು. ರಸ್ತೆ ಸಾಮಾನ್ಯವಾಗಿ ಮಧ್ಯದಲ್ಲಿ ಎತ್ತರ, ಅಂಚಿಗೆ ಇಳಿಜಾರು. ಮಳೆನೀರು ಹರಿಯಲಿ ಎಂದು ಹಾಗೆ ಮಾಡಿರುತ್ತಾರೆ. ಎಡಬದಿಯಲ್ಲಿ ಓಡಿಸುವಾಗ ಕಾರು ಸ್ವಲ್ಪ ಎಡಕ್ಕೆ ಹೋದರೆ ಅದು ರಸ್ತೆಯ ಗುಣ. ವಾಹನ ಇಲ್ಲದ, ಇಳಿಜಾರಿಲ್ಲದ ಜಾಗ ನೋಡಿ ಪರೀಕ್ಷಿಸಿ. ಸ್ಟೇರಿಂಗ್ ಮೇಲಿಂದ ಕೈ ಪೂರ್ತಿ ಬಿಡಬೇಡಿ, ಬೆರಳು ಹಗುರವಾಗಿ ಇಟ್ಟುಕೊಂಡರೆ ಸಾಕು.

ಅಂಕಿ ಎಲ್ಲ ಹಸಿರು, ಗಾಳಿಯೂ ಸರಿ, ಆದರೂ ಎಳೆಯುತ್ತಿದೆಯಾ? ಮುಂದಿನ ಎಡ ಮತ್ತು ಬಲ ಚಕ್ರ ಅದಲು ಬದಲು ಮಾಡಿಸಿ ನೋಡಿ. ಈಗ ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದು. ಹೊಸ ಟೈರಿನಲ್ಲೂ ಹೀಗಾಗುತ್ತದೆ. ವಾರಂಟಿ ಕೇಳಿ. ದಿಕ್ಕಿನ ಬಾಣ ಇರುವ ಟೈರಿಗೆ ಈ ಪರೀಕ್ಷೆ ಹಾಗೇ ನಡೆಯುವುದಿಲ್ಲ, ರಿಮ್ಮಿನಿಂದ ಬಿಚ್ಚಿ ಹಾಕಬೇಕಾಗುತ್ತದೆ. ಎಳೆತ ಅದೇ ಕಡೆ ಉಳಿದರೆ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿಸಿ. ಸ್ವಲ್ಪ ದೂರ ಓಡಿಸಿ ಬಂದಾಗ ಒಂದು ಚಕ್ರದ ರಿಮ್ ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಮೇಲೆಯೇ ಅನುಮಾನ.

ಕಾರು ನೇರ ಹೋಗುತ್ತಿದ್ದರೂ ಸ್ಟೇರಿಂಗ್ ಸೊಟ್ಟ ಇದ್ದರೆ ಅಲ್ಲೇ ವಾಪಸ್ ಹೋಗಿ. ಒಂದು ಟೈ ರಾಡ್ ಎಷ್ಟು ಉದ್ದವಾಗುತ್ತದೋ ಇನ್ನೊಂದು ಅಷ್ಟೇ ಗಿಡ್ಡವಾಗುವಂತೆ ತಿರುಗಿಸಿ ಅದನ್ನು ಸರಿ ಮಾಡಬಹುದು. 'ಓಡಿಸ್ತಾ ಓಡಿಸ್ತಾ ಸರಿಯಾಗ್ತದೆ' ಎಂದರೆ ಕೇಳಬೇಡಿ, ಅದು ತಾನಾಗಿ ಸರಿಯಾಗುವುದಿಲ್ಲ.

ಆಮೇಲಿನ ದಿನಗಳು

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ನಟ್‌ಗಳನ್ನು ಮತ್ತೊಮ್ಮೆ ನೋಡಿಸಿ. ಎದುರುಬದುರು ನಟ್ ಆರಿಸುತ್ತಾ ಬಿಗಿ ಮಾಡಬೇಕು, ಒಂದು ಬದಿಯಿಂದ ಸಾಲಾಗಿ ಅಲ್ಲ. ನಾನು ಕಾರವಾರದಲ್ಲಿ ಹಾಕಿಸಿದರೆ ಅಮ್ಮಿನಳ್ಳಿ ಮುಟ್ಟಿದ ಮೇಲೆ, ಕಾರು ತಣ್ಣಗಾದ ನಂತರ, ತಮ್ಮನ ಕೈಲಿ ಪಾನಾ ಕೊಡುತ್ತೇನೆ. ಪಾನಾದ ಮೇಲೆ ಹತ್ತಿ ಕುಣಿಯುವುದು ಬೇಡ ಎಂದು ಅವನಿಗೆ ಪ್ರತಿ ಸಲ ಹೇಳುತ್ತೇನೆ. ಅತಿ ಬಿಗಿಯಾದರೆ ಬೋಲ್ಟ್ ಹಿಗ್ಗುತ್ತದೆ.

ಹೊಸ ಟೈರಿನ ಮೇಲ್ಮೈ ಮೊದಲು ಸ್ವಲ್ಪ ಜಾರುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಪದಾರ್ಥ ಸವೆದು ಹೋಗಬೇಕು. ಮೊದಲ 200–300 ಕಿಲೋಮೀಟರ್ ನಿಧಾನ. ಮಳೆಗಾಲದ ನಡುವೆ ಹಾಕಿಸಿದರೆ ಇನ್ನೂ ಜಾಗ್ರತೆ. ಅದಕ್ಕೇ ಮೇ ತಿಂಗಳಲ್ಲೇ ಹಾಕಿಸಿ ಎನ್ನುತ್ತೇನೆ.

ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಬೇಕು. ಘಟ್ಟ ಇಳಿದು ಬಂದು ಬಿಸಿ ಟೈರಿಗೆ ಗಾಳಿ ನೋಡಿ ಕಡಿಮೆ ಮಾಡಿಸಿದರೆ ಮರುದಿನ ಅದು ತೀರಾ ಕಡಿಮೆಯಾಗಿರುತ್ತದೆ. ಜನ, ಸಾಮಾನು ತುಂಬಿ ಹೋಗುವ ದಿನಕ್ಕೆ ಚೀಟಿಯಲ್ಲಿ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ಹಾಕಿ.

8,000ದಿಂದ 10,000 ಕಿಲೋಮೀಟರಿಗೆ ಒಮ್ಮೆ ಚಕ್ರ ಅದಲು ಬದಲು ಮಾಡಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ಬದಲಾಗಿ ಮುಂದಕ್ಕೆ. ಬಾಣ ಇರುವ ಟೈರ್ ಆದರೆ ಅದೇ ಬದಿಯಲ್ಲೇ ಹಿಂದೆ ಮುಂದೆ. ಆಗಲೇ ಅಲೈನ್‌ಮೆಂಟ್ ಕೂಡ ಅಳೆಸಿ. ದೊಡ್ಡ ಹೊಂಡಕ್ಕೆ ಬಿದ್ದರೆ, ರಸ್ತೆ ಕೆಲಸ ನಡೆಯುವಲ್ಲಿ ಜಲ್ಲಿಯ ಅಂಚಿಗೆ ಬಡಿದರೆ, ಇಲ್ಲವೇ ಟೈ ರಾಡ್, ಲೋವರ್ ಆರ್ಮ್ ಬದಲಾಯಿಸಿದರೆ ಅಷ್ಟು ದಿನ ಕಾಯಬೇಡಿ.

ಇದೆಲ್ಲ ನೆನಪಿಡಲು ಕಷ್ಟ ಎನಿಸಿದರೆ ಒಂದು ಸಣ್ಣ ನೋಟ್‌ಬುಕ್ ಕಾರಿನಲ್ಲಿಡಿ. ತಿಂಗಳ ಮೊದಲ ಭಾನುವಾರ ನಾನು ಅಂಗಳದಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ತಿರುಗಿಸಿ, ಒಳಬದಿಯ ಮೇಲೆ ಕೈಯಾಡಿಸುತ್ತೇನೆ. ಗೇಜ್ ಇಟ್ಟು ಮೂರು ಕಡೆ ಅಳೆದು ಬರೆಯುತ್ತೇನೆ. ಐದು ನಿಮಿಷದ ಕೆಲಸ. ಬುಷ್ ಬದಲಾಯಿಸಿ, ಟೋ ಸರಿ ಮಾಡಿಸಿ, ಹೊಸ ಟೈರ್ ಹಾಕಿಸಿ ಈಗ 9,000 ಕಿಲೋಮೀಟರ್ ಆಯಿತು. ಈ ತಿಂಗಳ ಸಾಲು ಹೀಗಿದೆ. ಮುಂದೆ ಎಡ: ಹೊರಗೆ 5.8, ಮಧ್ಯ 6.2, ಒಳಗೆ 6.1. ಮುಂದೆ ಬಲ: ಹೊರಗೆ 5.8, ಮಧ್ಯ 6.2, ಒಳಗೆ 6.2. ಹೊರಗಿನ ಆ ಕೊರತೆ ದೇವಿಮನೆಯದು.